ಭಯದ ಸಿನಿಮಾ ನೋಡಿ ನಗುವವರ ಪರವಾಗಿ

ಸಿನಿಮಾ ಬಲ್ಲವರು ಎನಿಸಿಕೊಂಡವರ ವಲಯದಲ್ಲಿ ಒಂದು ಅಭಿಪ್ರಾಯ ಎಷ್ಟು ಗಟ್ಟಿಯಾಗಿ ಕೂತಿದೆ ಎಂದರೆ, ಅದನ್ನು ವಾದ ಮಾಡಿ ಸ್ಥಾಪಿಸುವ ಗೋಜಿಗೇ ಯಾರೂ ಹೋಗುವುದಿಲ್ಲ. ಹಾರರ್ ಸಿನಿಮಾ ಎರಡನೇ ದರ್ಜೆಯ ಸರಕು. ಅದರಲ್ಲೂ ಕಲ್ಟ್ ಎಂದು ಹೆಸರಾದವನ್ನು ಹತ್ತಾರು ಸಲ ನೋಡುವವರು ಕಳಪೆತನವನ್ನೇ ಚಪ್ಪರಿಸುವ ವಿಕಾರ ರುಚಿಯವರು. ಇನ್ನು ಆ ಚಿತ್ರಗಳ ಅಣಕವೋ, ಹಳಸಿದ ಅನ್ನಕ್ಕೆ ಹಾಕಿದ ಒಗ್ಗರಣೆ; ಒಂದು ಬಗೆಯ ಚಿತ್ರಗಳನ್ನು ಅಣಕಿಸಲು ಶುರು ಮಾಡಿದರೆಂದರೆ ಆ ಬಗೆಯ ಕಥೆ ಮುಗಿಯಿತೆಂದೇ ಲೆಕ್ಕ. ಇದಿಷ್ಟು ಆ ಅಭಿಪ್ರಾಯ. ಫಿಲ್ಮ್ ಸೊಸೈಟಿಯ ಚರ್ಚೆಯಲ್ಲಿ, ಚಿತ್ರೋತ್ಸವದ ಸರದಿ ಸಾಲಿನಲ್ಲಿ, ಪತ್ರಿಕೆಯ ವಿಮರ್ಶೆಗಳಲ್ಲಿ ಇದನ್ನು ಕೇಳುತ್ತಲೇ ಬಂದಿದ್ದೇನೆ. ಹೇಳುವವರು ಸಣ್ಣ ಮುಗುಳ್ನಗೆಯೊಂದಿಗೆ ಹೇಳುತ್ತಾರೆ, ಎದುರಿಗಿರುವವರೂ ಒಪ್ಪಿಯೇ ತೀರುತ್ತಾರೆ ಎಂಬ ಭರವಸೆಯಲ್ಲಿ.

ನಾನು ಒಪ್ಪುವುದಿಲ್ಲ. ಅಲ್ಲಿಷ್ಟು ಇಲ್ಲಿಷ್ಟು ತಿದ್ದಿದರೆ ಸರಿಹೋಗುವ ಅಭಿಪ್ರಾಯ ಇದಲ್ಲ, ಬುಡದಿಂದಲೇ ತಪ್ಪು. ಹಾರರ್ ಚಿತ್ರದ ಒಳ್ಳೆಯ ಅಣಕ ಹುಟ್ಟುವುದು ಆ ಚಿತ್ರವನ್ನು ದೃಶ್ಯ ದೃಶ್ಯವಾಗಿ ಬಲ್ಲವರಿಂದ, ಅದಕ್ಕೆ ಮನಸೋತವರಿಂದ. ಅಂಥ ಅಣಕಕಾರರು ಓದಿದಷ್ಟು ಶ್ರದ್ಧೆಯಿಂದ ಹಾರರ್ ಚಿತ್ರಗಳನ್ನು ಓದಿದ ವಿಮರ್ಶಕರು ತೀರಾ ಕಡಿಮೆ. ಅಭಿಮಾನಿ ನಗುವುದೂ ಆ ಬಲ್ಲತನದಿಂದಲೇ. ಅದನ್ನು ತಾತ್ಸಾರದ ನಗೆ ಎಂದು ಓದುವವರು ಚಿತ್ರವನ್ನೂ ನೋಡಿಲ್ಲ, ನೋಡುಗರನ್ನೂ ನೋಡಿಲ್ಲ.

ಪುರಾವೆ ಬೇಕೆಂದರೆ ಮೊದಲು ಒಂದು ಸ್ಮಶಾನಕ್ಕೆ ಹೋಗಬೇಕು. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಆರಂಭವಾಗುವುದು ಅಲ್ಲಿ. ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರಗಳನ್ನು ಮಾಡಿಕೊಂಡಿದ್ದ ಜಾರ್ಜ್ ರೊಮೆರೊ ಮತ್ತು ಗೆಳೆಯರು ಸುಮಾರು 1,14,000 ಡಾಲರ್ ಹೊಂದಿಸಿಕೊಂಡು ಕಪ್ಪು ಬಿಳುಪಿನಲ್ಲಿ ತೆಗೆದ ಚಿತ್ರ ಅದು. ರಕ್ತಕ್ಕೆ ಚಾಕೊಲೇಟ್ ಸಿರಪ್ ಬಳಸಿದರು. ಸತ್ತವರು ಎದ್ದು ಬಂದು ಬದುಕಿರುವವರನ್ನು ತಿನ್ನುತ್ತಾರೆ, ತಲೆಗೆ ಹೊಡೆದರೆ ಮಾತ್ರ ಬೀಳುತ್ತಾರೆ ಎಂಬ, ಇವತ್ತು ಮಕ್ಕಳಿಗೂ ಗೊತ್ತಿರುವ ನಿಯಮಗಳೆಲ್ಲ ಈ ಚಿತ್ರದ ಕೊಡುಗೆ. ಅಣ್ಣ ತಂಗಿ ಇಬ್ಬರು ತಂದೆಯ ಸಮಾಧಿಗೆ ಹೂವಿಡಲು ದೂರದಿಂದ ಬಂದಿದ್ದಾರೆ. ಅಣ್ಣ ಜಾನಿಗೆ ಬೇಸರ. ತಂಗಿ ಬಾರ್ಬ್ರಾಗೆ ಸ್ಮಶಾನವೆಂದರೆ ಚಿಕ್ಕಂದಿನಿಂದಲೂ ಭಯ, ಅದು ಅವನಿಗೆ ಗೊತ್ತು. ಅವನು ಬೋರಿಸ್ ಕಾರ್ಲಾಫ್‌ನ ದನಿಯನ್ನು ಅನುಕರಿಸಿ, ಅವರು ನಿನ್ನನ್ನು ಹಿಡಿಯಲು ಬರುತ್ತಿದ್ದಾರೆ ಎಂದು ಅವಳನ್ನು ಕಾಡಿಸುತ್ತಾನೆ. ದೂರದಲ್ಲಿ ಬಡಕಲು ಮನುಷ್ಯನೊಬ್ಬ ತೂರಾಡುತ್ತ ನಡೆದು ಬರುತ್ತಿರುತ್ತಾನೆ. ನೋಡು, ಅವರಲ್ಲೊಬ್ಬ ಬಂದ ಎಂದು ಜಾನಿ ಅವನನ್ನೂ ತಮಾಷೆಗೆ ಸೇರಿಸಿಕೊಳ್ಳುತ್ತಾನೆ. ಬಾರ್ಬ್ರಾಗೆ ನಾಚಿಕೆ, ಆ ಅಪರಿಚಿತನ ಕ್ಷಮೆ ಕೇಳಲು ಹತ್ತಿರ ಹೋಗುತ್ತಾಳೆ. ಅವನು ಅವಳನ್ನು ಹಿಡಿದೇಬಿಡುತ್ತಾನೆ.

ಈ ದೃಶ್ಯವನ್ನು ನಿಧಾನವಾಗಿ ಯೋಚಿಸಿ ನೋಡಿ. ಕಾರ್ಲಾಫ್ ಎಂದರೆ 1931ರ ‘ಫ್ರಾಂಕೆನ್‌ಸ್ಟೈನ್’ನಲ್ಲಿ ವಿಜ್ಞಾನಿಯೊಬ್ಬ ಸೃಷ್ಟಿಸಿದ ಪ್ರಾಣಿಯ ಪಾತ್ರ ಮಾಡಿ ಅಮೆರಿಕವನ್ನು ನಡುಗಿಸಿದ ನಟ. ಹೊಸ ಕಾಲದ ಜೊಂಬಿ ಚಿತ್ರಗಳ ಮೊಟ್ಟಮೊದಲ ಭಯ ನಿಂತಿರುವುದು ಹಳೆಯ ಹಾರರ್ ನಟನೊಬ್ಬನ ಅಣಕದ ಮೇಲೆ. ಜಾನಿಯ ತಮಾಷೆಯನ್ನು ಕಿತ್ತುಹಾಕಿದರೆ ಆ ಬಡಕಲು ಮನುಷ್ಯ ದೂರದಲ್ಲೇ ನಮ್ಮನ್ನು ಎಚ್ಚರಿಸಿಬಿಡುತ್ತಾನೆ, ಹೊಡೆತ ಸಪ್ಪಗಾಗುತ್ತದೆ. ಅಣಕ ನಮ್ಮನ್ನು ಸಡಿಲಗೊಳಿಸಿತು, ಆ ಸಡಿಲದಲ್ಲಿ ಭಯ ಒಳಗೆ ನುಗ್ಗಿತು. ಚಿತ್ರದ ಕೊನೆಯ ಹೊತ್ತಿಗೆ ಜಾನಿ ಸತ್ತವರ ಗುಂಪಿನೊಂದಿಗೆ ಮರಳಿ ಬಂದು ತಂಗಿಯನ್ನು ಎಳೆದೊಯ್ಯುತ್ತಾನೆ. ಅವನು ಆಡಿದ ತಮಾಷೆಯ ಮಾತು ಅಕ್ಷರಶಃ ನಿಜವಾಗುತ್ತದೆ. ಅಣಕವೆಂಬುದು ಹಾರರ್ ಮುಪ್ಪಾದ ಮೇಲೆ ಅಂಟಿಕೊಂಡ ರೋಗ ಎನ್ನುವವರು ಈ ಮೊದಲ ಹತ್ತು ನಿಮಿಷಕ್ಕೆ ಉತ್ತರ ಹೇಳಬೇಕು. ಇಲ್ಲಿ ಅದು ಹುಟ್ಟಿನಲ್ಲೇ ಇದೆ.

ಈ ಚಿತ್ರವನ್ನೂ ಆಗಿನ ಗಣ್ಯ ವಿಮರ್ಶೆ ಕಸದ ಬುಟ್ಟಿಗೆ ಹಾಕಿತ್ತು ಎಂಬುದನ್ನು ಮರೆಯಬಾರದು. ‘ವೆರೈಟಿ’ ಪತ್ರಿಕೆ ಕಟುವಾಗಿ ಬರೆಯಿತು. ಆದರೆ ಆ ಕಾಲದ ಅಮೆರಿಕವೇ ಈ ಚಿತ್ರದೊಳಗಿತ್ತು. ನಾಯಕ ಬೆನ್‌ನ ಪಾತ್ರ ಮಾಡಿದ ಡ್ವೇನ್ ಜೋನ್ಸ್ ಕಪ್ಪು ವರ್ಣದವರು. ಇಡೀ ರಾತ್ರಿ ಸತ್ತವರೊಂದಿಗೆ ಹೋರಾಡಿ ಉಳಿದ ಅವನನ್ನು ಬೆಳಗ್ಗೆ ಬಂದೂಕು ಹಿಡಿದು ಬಂದ ಜನ ಶವವೆಂದು ಭಾವಿಸಿ ಕೊಲ್ಲುತ್ತಾರೆ. ಮುಗಿದ ಚಿತ್ರದ ಪ್ರತಿಯನ್ನು ಕಾರಿನಲ್ಲಿಟ್ಟುಕೊಂಡು ನ್ಯೂಯಾರ್ಕ್‌ಗೆ ಹೋಗುತ್ತಿದ್ದಾಗ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ್ದಾಗಿ ರೊಮೆರೊ ಹೇಳಿಕೊಂಡಿದ್ದರು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಈ ಚಿತ್ರ ಸೇರಿತು. ಮೂವತ್ತೊಂದು ವರ್ಷ ಅದನ್ನು ಉಳಿಸಿಕೊಂಡು ಬಂದವರು ಯಾರು? ನಡುರಾತ್ರಿಯ ಪ್ರದರ್ಶನಗಳಿಗೆ ಟಿಕೆಟ್ ಕೊಂಡು ಹೋಗುತ್ತಿದ್ದ, ಈ ವಿದ್ವಾಂಸರು ಮೂಗು ಮುರಿಯುವ ಅಭಿಮಾನಿಗಳು.

ಆ ಅಭಿಮಾನಿಗಳ ಪೈಕಿ ಇಬ್ಬರು ಇಂಗ್ಲೆಂಡಿನ ಎಡ್ಗರ್ ರೈಟ್ ಮತ್ತು ಸೈಮನ್ ಪೆಗ್. ಅವರ ‘ಶಾನ್ ಆಫ್ ದಿ ಡೆಡ್’ ಬಂದದ್ದು 2004ರಲ್ಲಿ. ಮೇಲುನೋಟಕ್ಕೆ ಶುದ್ಧ ಅಣಕ. ಲಂಡನ್ನಿನ ಎಲೆಕ್ಟ್ರಾನಿಕ್ಸ್ ಅಂಗಡಿಯ ಗುಮಾಸ್ತ ಶಾನ್ ಬೆಳಗ್ಗೆ ಮೂಲೆ ಅಂಗಡಿಗೆ ಹೋಗಿ ಬರುವುದನ್ನು ಕ್ಯಾಮೆರಾ ಕತ್ತರಿಸದೆ ಹಿಂಬಾಲಿಸುತ್ತದೆ. ಮಾರನೇ ದಿನ ಅದೇ ನಡಿಗೆ, ಅದೇ ಒಂದೇ ಓಟದ ಶಾಟ್. ಈಗ ಬೀದಿ ತುಂಬ ಹೆಣಗಳು ಓಡಾಡುತ್ತಿವೆ, ಅಂಗಡಿಯ ಫ್ರಿಜ್ ಬಾಗಿಲ ಮೇಲೆ ರಕ್ತದ ಕೈಗುರುತು. ಅವನಿಗೆ ಏನೂ ಕಾಣುವುದಿಲ್ಲ. ನಾವು ನಗುತ್ತೇವೆ, ಏಕೆಂದರೆ ನಿನ್ನೆಯ ಬೀದಿಗೂ ಇವತ್ತಿನ ಬೀದಿಗೂ ಅಂಥ ವ್ಯತ್ಯಾಸವೇನೂ ಇರಲಿಲ್ಲ. ರೊಮೆರೊ 1978ರ ‘ಡಾನ್ ಆಫ್ ದಿ ಡೆಡ್’ನಲ್ಲಿ ಶಾಪಿಂಗ್ ಮಾಲ್ ತುಂಬ ಹೆಣಗಳನ್ನು ಅಲೆದಾಡಿಸಿ ಹೇಳಿದ್ದೂ ಇದನ್ನೇ. ಗುರುವಿನ ಮಾತನ್ನು ಶಿಷ್ಯರು ಮೂಲೆ ಅಂಗಡಿಯ ಅಳತೆಗೆ ಇಳಿಸಿದ್ದಾರೆ.

ಶಾನ್‌ನ ತಾಯಿಯ ಹೆಸರು ಬಾರ್ಬರಾ. ಅವಳನ್ನು ಕರೆತರಲು ಹೊರಟಾಗ ಗೆಳೆಯ ಎಡ್ ಫೋನಿನಲ್ಲಿ ಜಾನಿಯ ಆ ಮಾತನ್ನೇ ತುಸು ತಿರುಗಿಸಿ ಖುಷಿಯಿಂದ ಕೂಗುತ್ತಾನೆ. ಮೂಲ ಬಲ್ಲವರು ಅಲ್ಲಿ ಗೊಳ್ಳನೆ ನಗುತ್ತಾರೆ. ಆಮೇಲೆ ಬಾರ್ಬರಾಗೆ ಕಚ್ಚಿದ ಗಾಯವಾಗಿರುತ್ತದೆ, ಯಾರಿಗೂ ತೊಂದರೆ ಕೊಡಬಾರದೆಂದು ಮುಚ್ಚಿಟ್ಟುಕೊಂಡಿರುತ್ತಾಳೆ. ಪಬ್ಬಿನ ನೆಲದ ಮೇಲೆ ಅವಳು ಸಾಯುತ್ತಾಳೆ, ಎದ್ದು ಕೂರುತ್ತಾಳೆ, ಮಗನೇ ಗುಂಡು ಹಾರಿಸಬೇಕಾಗುತ್ತದೆ. ಆ ದೃಶ್ಯದಲ್ಲಿ ಒಂದು ನಗೆಯೂ ಇಲ್ಲ. ಅಣಕದ ಚಿತ್ರವೊಂದು ಹೀಗೆ ತಾಯಿಯ ಸಾವನ್ನು ನೇರ ನೋಡಿಸಲು ಧೈರ್ಯ ಮಾಡುವುದು ತನ್ನ ಮೂಲವನ್ನು ಮನಸಾರೆ ನಂಬಿದಾಗ ಮಾತ್ರ. ರೊಮೆರೊಗೆ ಇದು ಅವಮಾನ ಎನಿಸಿತೇ? ಮರುವರ್ಷದ ತಮ್ಮ ‘ಲ್ಯಾಂಡ್ ಆಫ್ ದಿ ಡೆಡ್’ನಲ್ಲಿ ರೈಟ್‌ಗೂ ಪೆಗ್‌ಗೂ ಹೆಣಗಳ ವೇಷ ಹಾಕಿಸಿ ತೆರೆಗೆ ತಂದರು.

ತಾತ್ಸಾರದ ಓದಿಗೆ ಗೌರವ ತಂದುಕೊಟ್ಟ ಪುಸ್ತಕವೊಂದಿದೆ. 1980ರಲ್ಲಿ ಹ್ಯಾರಿ ಮತ್ತು ಮೈಕಲ್ ಮೆಡ್‌ವೆಡ್ ಸೋದರರು ‘ದಿ ಗೋಲ್ಡನ್ ಟರ್ಕಿ ಅವಾರ್ಡ್ಸ್’ ಎಂಬ ಪುಸ್ತಕದಲ್ಲಿ ನಿರ್ದೇಶಕ ಎಡ್ ವುಡ್‌ನ ‘ಪ್ಲಾನ್ 9 ಫ್ರಂ ಔಟರ್ ಸ್ಪೇಸ್’ ಚಿತ್ರಕ್ಕೆ ಸಾರ್ವಕಾಲಿಕ ಕೆಟ್ಟ ಚಿತ್ರದ ಪಟ್ಟ ಕಟ್ಟಿದರು. ಎಡ್ ವುಡ್ ಅದಕ್ಕೆ ಎರಡು ವರ್ಷ ಮೊದಲೇ, ಕಡು ಬಡತನದಲ್ಲಿ ತೀರಿಕೊಂಡಿದ್ದರು. ಅಲ್ಲಿಂದ ಮುಂದೆ ಆ ಚಿತ್ರದ ಅಲುಗಾಡುವ ರಟ್ಟಿನ ಸಮಾಧಿಕಲ್ಲುಗಳನ್ನು ಬೆರಳು ತೋರಿಸಿ ನಗುವುದು ಒಂದು ಪದ್ಧತಿಯೇ ಆಯಿತು. ಕೆಟ್ಟದ್ದೆಂದೇ ಚೆನ್ನ ಎಂಬ ಮಾತು ಚಾಲ್ತಿಗೆ ಬಂತು. ಈ ಮಾತಿನಷ್ಟು ಸುಳ್ಳು ಮಾತು ಸಿನಿಮಾದ ಬಗ್ಗೆ ಇನ್ನೊಂದಿಲ್ಲ. ಕೆಟ್ಟ ಚಿತ್ರಗಳಿಗೆ ಜಗತ್ತಿನಲ್ಲಿ ಬರವೇ? ಪ್ರತಿ ವರ್ಷ ನೂರಾರು ಬರುತ್ತವೆ, ಮರು ವಾರ ಯಾರಿಗೂ ನೆನಪಿರುವುದಿಲ್ಲ. ಬರೀ ಕೆಟ್ಟದ್ದಾಗಿರುವುದರಿಂದ ಯಾವ ಚಿತ್ರವೂ ಅರವತ್ತು ವರ್ಷಕ್ಕೂ ಮೀರಿ ಬದುಕುವುದಿಲ್ಲ.

‘ಪ್ಲಾನ್ 9’ ಬದುಕಿರುವುದಕ್ಕೆ ಬೇರೆ ಕಾರಣವಿದೆ. ಒಂದು ಕಾಲದಲ್ಲಿ ಡ್ರಾಕುಲಾ ಆಗಿ ಮೆರೆದ ಬೆಲಾ ಲುಗೋಸಿ ಕೊನೆಗಾಲದಲ್ಲಿ ಮಾರ್ಫಿನ್ ಚಟಕ್ಕೆ ಸಿಕ್ಕಿ, ಎಲ್ಲರಿಂದ ದೂರಾಗಿ, 1956ರಲ್ಲಿ ಸತ್ತರು. ಅವರನ್ನು ಕೊನೆಯವರೆಗೂ ನಟನೆಂದು ನಡೆಸಿಕೊಂಡವರು ಎಡ್ ವುಡ್. ಲುಗೋಸಿಯ ಕೆಲವೇ ನಿಮಿಷಗಳ ಬಿಡಿ ದೃಶ್ಯಗಳು ವುಡ್ ಬಳಿ ಉಳಿದಿದ್ದವು. ಅವುಗಳ ಸುತ್ತ ಇಡೀ ಚಿತ್ರ ಕಟ್ಟಿದರು. ಉಳಿದ ದೃಶ್ಯಗಳಲ್ಲಿ ತಮ್ಮ ಹೆಂಡತಿಗೆ ಚಿಕಿತ್ಸೆ ನೀಡುತ್ತಿದ್ದ ಕೈರೊಪ್ರಾಕ್ಟರ್ ಒಬ್ಬರಿಗೆ ನಿಲುವಂಗಿ ತೊಡಿಸಿ, ಮುಖ ಮುಚ್ಚಿಸಿ ನಡೆಸಿದರು. ಎತ್ತರ ಹೊಂದುವುದಿಲ್ಲ, ಮೈಕಟ್ಟು ಹೊಂದುವುದಿಲ್ಲ. ಹೌದು, ನೋಡಿದರೆ ನಗು ಬರುತ್ತದೆ. ಆದರೆ ಸತ್ತ ಗೆಳೆಯನನ್ನು ಬಿಟ್ಟುಕೊಡಲಾರದ ಹಟ ಆ ಪ್ರತಿ ದೃಶ್ಯದಲ್ಲೂ ಎದ್ದು ಕಾಣುತ್ತದೆ, ಅಭಿಮಾನಿ ಮತ್ತೆ ಮತ್ತೆ ಹೋಗುವುದು ಅದಕ್ಕಾಗಿ. ಟಿಮ್ ಬರ್ಟನ್ ಅದನ್ನು ಕಂಡರು. 1994ರಲ್ಲಿ ಅವರು ಕಪ್ಪು ಬಿಳುಪಿನಲ್ಲೇ ತೆಗೆದ ‘ಎಡ್ ವುಡ್’ನಲ್ಲಿ ಲುಗೋಸಿಯಾಗಿ ನಟಿಸಿದ ಮಾರ್ಟಿನ್ ಲ್ಯಾಂಡೌ ಅವರಿಗೆ ಆಸ್ಕರ್ ಬಂತು. ಬೆರಳು ತೋರಿಸಿ ನಕ್ಕವರ ಕೈಯಿಂದ ಇಂಥ ಚಿತ್ರ ಬರುತ್ತಿರಲಿಲ್ಲ.

ಈಗ ನನ್ನ ಪ್ರಕಾರ ಅಣಕ ಚಿತ್ರಗಳಲ್ಲೇ ಶ್ರೇಷ್ಠವಾದುದಕ್ಕೆ ಬರುತ್ತೇನೆ: ಮೆಲ್ ಬ್ರೂಕ್ಸ್ ಮತ್ತು ಜೀನ್ ವೈಲ್ಡರ್ ಸೇರಿ ಬರೆದ, ಬ್ರೂಕ್ಸ್ ನಿರ್ದೇಶಿಸಿದ 1974ರ ‘ಯಂಗ್ ಫ್ರಾಂಕೆನ್‌ಸ್ಟೈನ್’. ಬರೀ ನಗಿಸುವುದೇ ಉದ್ದೇಶವಾಗಿದ್ದರೆ ಇವರು ಪಟ್ಟ ಪಾಡಿಗೆ ಅರ್ಥವೇ ಇಲ್ಲ. ಕಪ್ಪು ಬಿಳುಪಿನಲ್ಲೇ ತೆಗೆಯಬೇಕೆಂದು ಹಟ ಹಿಡಿದರು. ಕೊಲಂಬಿಯಾ ಸಂಸ್ಥೆ ಒಪ್ಪದಿದ್ದಾಗ ಚಿತ್ರವನ್ನೇ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ಗೆ ಒಯ್ದರು. 1931ರ ಮೂಲ ಚಿತ್ರದ ಪ್ರಯೋಗಾಲಯದಲ್ಲಿ ಕಿಡಿ ಹಾರಿಸುತ್ತಿದ್ದ ವಿದ್ಯುತ್ ಯಂತ್ರಗಳನ್ನು ಮಾಡಿದವರು ಕೆನೆತ್ ಸ್ಟ್ರಿಕ್‌ಫೇಡನ್. ಆ ಯಂತ್ರಗಳು ಅವರ ಗ್ಯಾರೇಜಿನಲ್ಲಿ ಇನ್ನೂ ಇವೆಯೆಂದು ಪತ್ತೆ ಮಾಡಿ, ಬಾಡಿಗೆಗೆ ತಂದು, ಮತ್ತೆ ಹೊತ್ತಿಸಿದರು. ಮೂಲ ಚಿತ್ರದ ಶೀರ್ಷಿಕೆಗಳಲ್ಲಿ ಆ ಕುಶಲಕರ್ಮಿಯ ಹೆಸರೇ ಇರಲಿಲ್ಲ. ನಲವತ್ತಮೂರು ವರ್ಷಗಳ ನಂತರ ಹೆಸರು ಹಾಕಿದ್ದು ಅಣಕ ಚಿತ್ರ. ಯಾರು ಯಾರನ್ನು ಗೌರವಿಸಿದರು, ಯಾರು ಕಡೆಗಣಿಸಿದರು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಬೇಕಿಲ್ಲ.

ಕುರುಡ ಸನ್ಯಾಸಿಯ ದೃಶ್ಯವನ್ನೇ ನೋಡಿ. ಜೇಮ್ಸ್ ವೇಲ್ 1935ರಲ್ಲಿ ನಿರ್ದೇಶಿಸಿದ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ನಲ್ಲಿ ಗಾಯಗೊಂಡ ಪ್ರಾಣಿ ಕಾಡಿನಲ್ಲಿ ಪಿಟೀಲಿನ ದನಿ ಕೇಳಿ ಒಂದು ಗುಡಿಸಲಿಗೆ ಬರುತ್ತದೆ. ಒಳಗಿರುವ ಮುದುಕನಿಗೆ ಕಣ್ಣಿಲ್ಲ, ಹಾಗಾಗಿ ಈ ಮುಖ ನೋಡಿ ಕಿರುಚುವುದಿಲ್ಲ. ಉಣಿಸುತ್ತಾನೆ, ಮಲಗಿಸುತ್ತಾನೆ, ಒಬ್ಬ ಗೆಳೆಯನನ್ನು ಕಳಿಸಿದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳಿ ಅಳುತ್ತಾನೆ. ಪ್ರಾಣಿಯ ಕಣ್ಣಲ್ಲೂ ನೀರು. ಹಾರರ್ ಚಿತ್ರಗಳ ಇತಿಹಾಸದಲ್ಲಿ ಇಷ್ಟು ಮೃದುವಾದ ದೃಶ್ಯ ಅಪರೂಪ. ಬ್ರೂಕ್ಸ್ ಚಿತ್ರದಲ್ಲಿ ಆ ಮುದುಕ ಜೀನ್ ಹ್ಯಾಕ್‌ಮನ್, ಪ್ರಾಣಿ ಪೀಟರ್ ಬಾಯ್ಲ್. ಅದೇ ಗುಡಿಸಲು, ಅದೇ ಬೆಳಕು, ಅದೇ ಪ್ರಾರ್ಥನೆ. ಮುದುಕ ಕುದಿಯುವ ಸೂಪನ್ನು ಬಟ್ಟಲಿಗೆಂದು ಬಗ್ಗಿಸಿದರೆ ಅದು ಅತಿಥಿಯ ತೊಡೆಯ ಮೇಲೆ ಬೀಳುತ್ತದೆ. ಗೆಳೆತನದ ಹೆಸರಲ್ಲಿ ಪಾತ್ರೆ ತಾಗಿಸಿದರೆ ಅತಿಥಿಯ ಪಾತ್ರೆ ಒಡೆದು ವೈನ್ ಸುರಿದುಹೋಗುತ್ತದೆ. ಚುಟ್ಟಾ ಹೊತ್ತಿಸಲು ಹೋಗಿ ಹೆಬ್ಬೆರಳಿಗೆ ಬೆಂಕಿ ಹಚ್ಚುತ್ತಾನೆ. ಪ್ರಾಣಿ ಚೀರುತ್ತ ಬಾಗಿಲು ಒಡೆದುಕೊಂಡು ಓಡುತ್ತದೆ.

ಮೂಲದಲ್ಲಿ ಕುರುಡುತನ ಕರುಣೆಗೆ ದಾರಿ ಮಾಡಿತ್ತು. ಬ್ರೂಕ್ಸ್ ಅದೇ ಕುರುಡುತನವನ್ನು ಅದರ ತಾರ್ಕಿಕ ಕೊನೆಯವರೆಗೆ ಒಯ್ದರು, ಅಷ್ಟೇ. ನಕ್ಕು ನಕ್ಕು ಸುಸ್ತಾದ ಮೇಲೆ ಮನಸ್ಸಿನಲ್ಲಿ ಉಳಿಯುವುದೇನು? ಬಾಗಿಲಲ್ಲಿ ನಿಂತು, ಹೋಗಬೇಡ, ಕಾಫಿ ಮಾಡುವವನಿದ್ದೆ ಎಂದು ಕೂಗುವ ಮುದುಕ. ಮೂಲದ ಒಂಟಿತನ ಇಲ್ಲಿ ಒಂದಿಷ್ಟೂ ಸೋರಿಲ್ಲ. ವೇಲ್ ಅವರ ದೃಶ್ಯದ ಪ್ರತಿ ಕೀಲನ್ನೂ ಬಿಚ್ಚಿ ಅರ್ಥ ಮಾಡಿಕೊಳ್ಳದವರಿಗೆ ಇದು ಸಾಧ್ಯವಿಲ್ಲ. ‘ಯಂಗ್ ಫ್ರಾಂಕೆನ್‌ಸ್ಟೈನ್’ನ ಮರದ ಕೈಯ ಇನ್‌ಸ್ಪೆಕ್ಟರ್ ಕೂಡ ಬ್ರೂಕ್ಸ್ ಕಲ್ಪನೆಯಲ್ಲ. 1939ರ ‘ಸನ್ ಆಫ್ ಫ್ರಾಂಕೆನ್‌ಸ್ಟೈನ್’ನಲ್ಲಿ ಲಯನೆಲ್ ಆಟ್ವಿಲ್ ಮಾಡಿದ ಪಾತ್ರ ಅದು. ಜನ ಮರೆತೇಬಿಟ್ಟಿದ್ದ ಮೂರನೇ ಭಾಗದ ಪೋಷಕ ಪಾತ್ರವನ್ನು ನೆನಪಿಟ್ಟುಕೊಂಡವರು ಅಭಿಮಾನಿಗಳಲ್ಲದೆ ಇನ್ಯಾರು?

ಅಣಕ ಬಂದರೆ ಮೂಲ ಸಾಯುತ್ತದೆ ಎಂಬ ವಾದಕ್ಕೆ ಇಸವಿಗಳೇ ಸಾಕು. ಯೂನಿವರ್ಸಲ್ ಸಂಸ್ಥೆಯ ಭೂತಗಳನ್ನು ಕೊಂದದ್ದು 1948ರ ‘ಅಬ್ಬಾಟ್ ಅಂಡ್ ಕಾಸ್ಟೆಲೊ ಮೀಟ್ ಫ್ರಾಂಕೆನ್‌ಸ್ಟೈನ್’ ಎಂದು ಪುಸ್ತಕ ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. ಆ ಭೂತಗಳು ಸತ್ತದ್ದು ಅದಕ್ಕೂ ಮೊದಲು. ಎಲ್ಲ ಭೂತಗಳನ್ನೂ ಒಂದೇ ಕಥೆಯಲ್ಲಿ ತುರುಕಿದ ‘ಹೌಸ್ ಆಫ್ ಫ್ರಾಂಕೆನ್‌ಸ್ಟೈನ್’ 1944ರದು, ‘ಹೌಸ್ ಆಫ್ ಡ್ರಾಕುಲಾ’ 1945ರದು. ಎರಡೂ ಅತಿ ಗಂಭೀರ ಚಿತ್ರಗಳು, ಎರಡರಲ್ಲೂ ಜೀವವಿಲ್ಲ. ಮೂರು ವರ್ಷ ಕಳೆದು ಬಂದ ಹಾಸ್ಯ ಚಿತ್ರ, 1931ರ ನಂತರ ಮೊದಲ ಬಾರಿಗೆ ಲುಗೋಸಿಗೆ ಡ್ರಾಕುಲಾ ಪಾತ್ರವನ್ನು ಮರಳಿ ಕೊಟ್ಟಿತು. ಅದರಲ್ಲಿ ಭೂತಗಳು ಒಂದೇ ಒಂದು ಜೋಕು ಮಾಡುವುದಿಲ್ಲ, ಪೂರ್ತಿ ಗಾಂಭೀರ್ಯದಿಂದ ನಟಿಸುತ್ತವೆ. ನಗು ಹುಟ್ಟುವುದು ಹೆದರುವವರಿಂದ. ಒಂಬತ್ತೇ ವರ್ಷದಲ್ಲಿ ಬ್ರಿಟನ್ನಿನ ಹ್ಯಾಮರ್ ಸಂಸ್ಥೆ ಫ್ರಾಂಕೆನ್‌ಸ್ಟೈನ್‌ನನ್ನು ಬಣ್ಣದಲ್ಲಿ ಎಬ್ಬಿಸಿತು, ಮರುವರ್ಷ ಕ್ರಿಸ್ಟೊಫರ್ ಲೀ ಡ್ರಾಕುಲಾ ಆದರು. ‘ಯಂಗ್ ಫ್ರಾಂಕೆನ್‌ಸ್ಟೈನ್’ ಬಂದ ನಾಲ್ಕು ವರ್ಷದೊಳಗೆ ‘ದಿ ಓಮೆನ್’, ‘ಹ್ಯಾಲೊವೀನ್’ ಬಂದವು. ‘ಶಾನ್’ ಬಂದ ಮೇಲೆ ಜೊಂಬಿಗಳೇನು ಮಾಯವಾದವೇ? 2010ರಲ್ಲಿ ‘ದಿ ವಾಕಿಂಗ್ ಡೆಡ್’ ಶುರುವಾಯಿತು, 2016ರಲ್ಲಿ ಕೊರಿಯಾದಿಂದ ‘ಟ್ರೇನ್ ಟು ಬುಸಾನ್’ ಬಂತು. ಅಣಕದಿಂದ ಆದ ಒಂದಾದರೂ ಸಾವು ತೋರಿಸಿ ಎಂದು ಈ ವಾದಿಗಳನ್ನು ಕೇಳಬೇಕು.

ಭಯ ಮತ್ತು ನಗು ಬೇರೆ ಬೇರೆ ಮನೆಯವು ಎಂಬುದೇ ಈ ತಪ್ಪಿನ ತಾಯಿಬೇರು. ನಿರ್ದೇಶಕ ಸ್ಯಾಮ್ ರೈಮಿಯ ಕೆಲಸ ಬಲ್ಲವರು ಹಾಗೆ ಹೇಳಲಾರರು. ವಿಡಿಯೋ ಪಾರ್ಲರ್ ಕಾಲದಲ್ಲಿ ನಮ್ಮ ಊರುಗಳಲ್ಲೂ ಹೆಸರು ಕೇಳಿದರೆ ಹುಡುಗರು ಬೆವರುತ್ತಿದ್ದ ‘ದಿ ಈವಿಲ್ ಡೆಡ್’ 1981ರ ಚಿತ್ರ. 1979ರ ಕೊನೆಯಲ್ಲಿ ಟೆನೆಸಿಯ ಕಾಡಿನ ಗುಡಿಸಲೊಂದರಲ್ಲಿ ಚಿತ್ರೀಕರಣ ಶುರು ಮಾಡಿದಾಗ ರೈಮಿಗೆ ಇಪ್ಪತ್ತು ವರ್ಷ. ದುಬಾರಿ ಸಲಕರಣೆಗೆ ದುಡ್ಡಿಲ್ಲದೆ ಕ್ಯಾಮೆರಾವನ್ನು ಮರದ ಹಲಗೆಗೆ ಬಿಗಿದು, ಎರಡೂ ತುದಿ ಹಿಡಿದು ಓಡಿ, ಮರಗಳ ನಡುವೆ ನುಗ್ಗಿ ಬರುವ ಕಾಣದ ದುಷ್ಟಶಕ್ತಿಯ ಕಣ್ಣನ್ನು ಸೃಷ್ಟಿಸಿದರು. ಬ್ರಿಟನ್ ಅದನ್ನು ಅಪಾಯಕಾರಿ ವಿಡಿಯೋಗಳ ಪಟ್ಟಿಗೆ ಸೇರಿಸಿತು. 1987ರಲ್ಲಿ ಇದೇ ರೈಮಿ, ಮೊದಲ ಚಿತ್ರದ ನಾಯಕನಟ ಬ್ರೂಸ್ ಕ್ಯಾಂಪ್‌ಬೆಲ್ ಸೇರಿ ‘ಈವಿಲ್ ಡೆಡ್ 2’ ಮಾಡಿದರು: ಹೆಚ್ಚುಕಡಿಮೆ ಅದೇ ಗುಡಿಸಲು, ಅದೇ ಕಥೆ, ಅದೇ ಕ್ಯಾಮೆರಾ ಓಟ, ಆದರೆ ಈಗ ‘ತ್ರೀ ಸ್ಟೂಜಸ್’ ಹಾಸ್ಯದ ಲಯದಲ್ಲಿ. ದೆವ್ವ ಹಿಡಿದ ತನ್ನದೇ ಕೈ ನಾಯಕ ಆಶ್‌ನ ತಲೆಗೆ ತಟ್ಟೆಗಳನ್ನು ಒಡೆಯುತ್ತದೆ. ಆ ಕೈಯನ್ನು ಗರಗಸದಿಂದ ಕತ್ತರಿಸಿಕೊಂಡ ಮೇಲೆ ಒಂದು ಘಳಿಗೆ ಬರುತ್ತದೆ. ಗೋಡೆಯ ಮೇಲಿನ ಜಿಂಕೆಯ ತಲೆ ತಿರುಗಿ ಅವನನ್ನು ನೋಡಿ ನಗುತ್ತದೆ. ದೀಪ ನಗುತ್ತದೆ, ಪುಸ್ತಕಗಳು ನಗುತ್ತವೆ, ಇಡೀ ಕೋಣೆ ಗಹಗಹಿಸುತ್ತದೆ. ಆಶ್ ತಾನೂ ನಗತೊಡಗುತ್ತಾನೆ, ಜೋರಾಗಿ, ಇನ್ನೂ ಜೋರಾಗಿ, ನಗು ಯಾವ ಕ್ಷಣದಲ್ಲಿ ಚೀತ್ಕಾರವಾಯಿತೆಂದು ನೋಡುವವರಿಗೆ ಗೊತ್ತೇ ಆಗುವುದಿಲ್ಲ.

ನಗಿಸುವುದಕ್ಕೂ ಹೆದರಿಸುವುದಕ್ಕೂ ಬೇಕಾದ ಕಸುಬು ಒಂದೇ. ಎಷ್ಟು ಹೊತ್ತು ಕಾಯಿಸಬೇಕು, ಏನನ್ನು ಚೌಕಟ್ಟಿನಾಚೆ ಇಡಬೇಕು, ಯಾವಾಗ ಒಳಗೆ ನುಗ್ಗಿಸಬೇಕು ಎಂಬ ಲೆಕ್ಕ. ಒಂದು ಕ್ಷಣ ಆಚೀಚೆಯಾದರೆ ಎರಡೂ ಕೆಡುತ್ತವೆ. ಭರತನ ನಾಟ್ಯಶಾಸ್ತ್ರದ ಎಂಟು ರಸಗಳ ಪಟ್ಟಿಯಲ್ಲಿ ಹಾಸ್ಯ, ಭಯಾನಕ, ಬೀಭತ್ಸ ಮೂರೂ ಶೃಂಗಾರ ವೀರಗಳ ಜತೆಗೇ ಕೂತಿವೆ; ಯಾವುದಕ್ಕೂ ಹಿಂದಿನ ಬೆಂಚಿಲ್ಲ. ಕರಾವಳಿಯಲ್ಲಿ ರಾತ್ರಿಯಿಡೀ ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಣ್ಣದ ವೇಷದ ಆರ್ಭಟಕ್ಕೆ ಮಗು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವುದೂ, ಹಾಸ್ಯಗಾರನ ಮಾತಿಗೆ ಅದೇ ಮಗು ಕುಲುಕುಲು ನಗುವುದೂ ಒಂದೇ ರಾತ್ರಿಯಲ್ಲಿ, ಒಂದೇ ರಂಗದ ಮುಂದೆ. ಅಣಕವೂ ನಮಗೆ ಹೊಸದಲ್ಲ. ಸೈನಿಕರು ಹಾಡುತ್ತಿದ್ದ ಟಿಪ್ಪರೇರಿ ಹಾಡಿನ ಮಟ್ಟಿಗೆ ನಾಟಕಕಾರ ಕೈಲಾಸಂ ತಮ್ಮ ತಿಪ್ಪಾರಳ್ಳಿ ಹಾಡನ್ನು ಕೂಡಿಸಿದಾಗ ಮೂಲಕ್ಕೆ ಅಪಚಾರವಾಯಿತೆಂದು ಯಾರೂ ಎದೆ ಬಡಿದುಕೊಳ್ಳಲಿಲ್ಲ.

ಕೆಟ್ಟ ಅಣಕಗಳೂ ಇವೆ, ಇಲ್ಲವೆಂದು ಯಾರು ಹೇಳಿದರು? 2000ದ ‘ಸ್ಕೇರಿ ಮೂವಿ’ಯಲ್ಲಿ ಒಂದಿಷ್ಟು ನಿಜವಾದ ಚುರುಕಿತ್ತು. ಅದರ ಬೆನ್ನು ಹತ್ತಿ ಬಂದ ‘ಡಿಸಾಸ್ಟರ್ ಮೂವಿ’ಯಂಥವು ಆ ವರ್ಷ ಓಡಿದ ಚಿತ್ರಗಳ ವೇಷ ತೊಡಿಸಿ ಯಾರನ್ನೋ ಬೀಳಿಸಿದರೆ ಮುಗಿಯಿತು ಎಂದುಕೊಂಡವು. ಮೂಲದ ಟ್ರೇಲರ್ ಅಷ್ಟೇ ನೋಡಿದವರು ಮಾಡಿದಂತಿವೆ. ಆದರೆ ಅವನ್ನು ಮೊದಲು ಗುರುತಿಸಿ ತಿರಸ್ಕರಿಸಿದವರೂ ಹಾರರ್ ಅಭಿಮಾನಿಗಳೇ. ಒಂದು ಪ್ರಕಾರವನ್ನು ಅದರ ಅತಿ ಕೆಟ್ಟ ಮಾದರಿಯಿಂದ ಅಳೆಯುವುದಾದರೆ ಕಾದಂಬರಿಯೂ ಉಳಿಯುವುದಿಲ್ಲ, ಕಾವ್ಯವೂ ಉಳಿಯುವುದಿಲ್ಲ. ನಮ್ಮಲ್ಲಿ ಅನಂತನಾಗ್, ಲಕ್ಷ್ಮಿ ನಟಿಸಿದ 1979ರ ‘ನಾ ನಿನ್ನ ಬಿಡಲಾರೆ’ ಇಂದಿಗೂ ನೆನಪಿರುವ ಚಿತ್ರ. ಅದಾದ ಮೇಲೆ ಬಂದ ಅನೇಕ ಕನ್ನಡ ಹಾರರ್ ಕಾಮಿಡಿಗಳ ದೋಷವೇನೆಂದರೆ, ಅಲ್ಲಿ ಹಾಸ್ಯನಟ ಬಂದ ಕೂಡಲೇ ಭಯ ಎದ್ದು ಹೊರಗೆ ಹೋಗುತ್ತದೆ, ಅವನ ಸರದಿ ಮುಗಿದ ಮೇಲೆ ಮರಳಿ ಬರುತ್ತದೆ. ಎರಡನ್ನೂ ಒಂದೇ ಶಾಟಿನಲ್ಲಿ ಹಿಡಿಯುವ ಧೈರ್ಯ ಬೇಕು. ‘ಆಪ್ತಮಿತ್ರ’ದಲ್ಲಿ ದ್ವಾರಕೀಶ್ ಹೆದರುವ ದೃಶ್ಯಗಳು ಗೆದ್ದದ್ದು ಅವರು ನಿಜವಾಗಿ ಹೆದರಿದ್ದರಿಂದ.

ಅಭಿಮಾನಿಯ ನಗು ತಾತ್ಸಾರವಲ್ಲ ಎಂಬುದಕ್ಕೆ ನನ್ನ ಬಳಿ ಇರುವ ಅತಿ ದೊಡ್ಡ ಸಾಕ್ಷಿ ಜಪಾನಿನದು. ಶಿನಿಚಿರೊ ಉಯೆದಾ ಅವರ ‘ಒನ್ ಕಟ್ ಆಫ್ ದಿ ಡೆಡ್’ 2017ರಲ್ಲಿ ಸಿದ್ಧವಾದ ಚಿತ್ರ. ಬಂಡವಾಳ ಸುಮಾರು 30 ಲಕ್ಷ ಯೆನ್, ತರಬೇತಿ ಶಾಲೆಯೊಂದರ ಕಮ್ಮಟದಲ್ಲಿ ರೂಪುಗೊಂಡದ್ದು, ನಟರೆಲ್ಲ ಹೊಸಬರು. 2018ರ ಜೂನ್‌ನಲ್ಲಿ ಟೋಕಿಯೋದ ಎರಡು ಚಿಕ್ಕ ಚಿತ್ರಮಂದಿರಗಳಲ್ಲಿ ತೆರೆಕಂಡು, ಜನರ ಬಾಯಿಂದ ಬಾಯಿಗೆ ಹಬ್ಬಿ, 300 ಕೋಟಿ ಯೆನ್‌ಗೂ ಮೀರಿ ಗಳಿಸಿತು. ಮೊದಲ 37 ನಿಮಿಷ ಒಂದೇ ಶಾಟ್. ಪಾಳುಬಿದ್ದ ನೀರು ಶುದ್ಧೀಕರಣ ಘಟಕದಲ್ಲಿ ಜೊಂಬಿ ಚಿತ್ರ ತೆಗೆಯುತ್ತಿರುವ ತಂಡದ ಮೇಲೆ ನಿಜವಾದ ಜೊಂಬಿಗಳು ಬೀಳುತ್ತವೆ. ಎಲ್ಲವೂ ಕಳಪೆ. ಪಾತ್ರಗಳು ಮಾತು ಮುಗಿದು ಸುಮ್ಮನೆ ನಿಲ್ಲುತ್ತವೆ, ಅಸಂಬದ್ಧವಾಗಿ ಹವ್ಯಾಸಗಳ ಬಗ್ಗೆ ಕೇಳುತ್ತವೆ. ಕ್ಯಾಮೆರಾ ದೊಪ್ಪನೆ ನೆಲಕ್ಕೆ ಬಿದ್ದು ಹಾಗೇ ಇರುತ್ತದೆ. ಕೆಟ್ಟದ್ದೆಂದೇ ಚೆನ್ನ ಎನ್ನುವವರಿಗೆ ಹಬ್ಬ. ಬೆರಳು ತೋರಿಸಿ ನಗಲು ಬೇಕಾದ್ದೆಲ್ಲ ಇಲ್ಲಿದೆ.

ಆಮೇಲೆ ಚಿತ್ರ ಒಂದು ತಿಂಗಳು ಹಿಂದಕ್ಕೆ ಹೋಗುತ್ತದೆ. ಬೇಗ, ಅಗ್ಗ, ಗುಣಮಟ್ಟ ಸಾಧಾರಣ ಎಂದು ಹೆಸರಾದ ನಿರ್ದೇಶಕ ಹಿಗುರಾಶಿಗೆ ಟಿವಿಯವರು ನೇರ ಪ್ರಸಾರದಲ್ಲಿ, ಒಂದೇ ಶಾಟಿನಲ್ಲಿ ಜೊಂಬಿ ನಾಟಕ ಮಾಡಿಕೊಡಲು ಹೇಳುತ್ತಾರೆ. ಕೊನೆಯ ಮೂರನೇ ಒಂದು ಭಾಗದಲ್ಲಿ ನಾವು ಅದೇ 37 ನಿಮಿಷವನ್ನು ಕ್ಯಾಮೆರಾದ ಹಿಂದಿನಿಂದ ಮತ್ತೆ ನೋಡುತ್ತೇವೆ. ಪಾತ್ರಗಳು ಸುಮ್ಮನೆ ನಿಂತದ್ದು, ಮುಂದಿನ ದೃಶ್ಯಕ್ಕೆ ಬರಬೇಕಾದ ನಟ ಕುಡಿದು ಬಿದ್ದಿದ್ದರಿಂದ, ಮತ್ತೊಬ್ಬನ ಹೊಟ್ಟೆ ಕೆಟ್ಟದ್ದರಿಂದ. ಕ್ಯಾಮೆರಾ ಬಿದ್ದದ್ದು ಛಾಯಾಗ್ರಾಹಕನ ಬೆನ್ನು ಹಿಡಿದುಕೊಂಡದ್ದರಿಂದ. ಅದನ್ನು ಎತ್ತಿಕೊಂಡು ಓಡಿದವಳು ಅವನ ಸಹಾಯಕಿ. ಕೊನೆಯ ಎತ್ತರದ ಶಾಟಿಗೆ ಬೇಕಿದ್ದ ಕ್ರೇನ್ ಮುರಿದಿರುತ್ತದೆ. ನಟರು, ತಂತ್ರಜ್ಞರು ಎನ್ನದೆ ಎಲ್ಲರೂ ಒಬ್ಬರ ಮೇಲೊಬ್ಬರು ಮಂಡಿಯೂರಿ ಮನುಷ್ಯ ಗೋಪುರವಾಗುತ್ತಾರೆ. ಅದರ ತುದಿಯಲ್ಲಿ, ಅಪ್ಪನ ಹೆಗಲ ಮೇಲೆ ಕೂತು ಕ್ಯಾಮೆರಾ ಹಿಡಿದವಳು ಹಿಗುರಾಶಿಯ ಮಗಳು, ಅಪ್ಪನ ಕೆಲಸವನ್ನು ಕಂಡರೆ ಆಗದಿದ್ದ ಹುಡುಗಿ. ನಾವು ನಕ್ಕ ಪ್ರತಿ ತಪ್ಪಿನ ಹಿಂದೆ ಒಬ್ಬ ಮನುಷ್ಯ ಬೆವರು ಸುರಿಸುತ್ತ ನಿಂತಿದ್ದ. ಚಿತ್ರ ನಮ್ಮ ನಗುವನ್ನು ಕಿತ್ತುಕೊಳ್ಳುವುದಿಲ್ಲ. ಅದೇ ನಗುವನ್ನು ದುಪ್ಪಟ್ಟು ಮಾಡಿ, ಅದರೊಳಗೆ ಮೆಚ್ಚುಗೆಯನ್ನು ಇಡುತ್ತದೆ. ಮೆಡ್‌ವೆಡ್ ಸೋದರರ ಪುಸ್ತಕಕ್ಕೆ ಇದಕ್ಕಿಂತ ಪೂರ್ತಿಯಾದ ಉತ್ತರ ಇಲ್ಲ. ಈ ಚಿತ್ರದ ಫ್ರೆಂಚ್ ಮರುರೂಪ, ‘ದಿ ಆರ್ಟಿಸ್ಟ್’ ಮಾಡಿದ ಮಿಶೆಲ್ ಹಜಾನವಿಸಿಯಸ್ ನಿರ್ದೇಶನದ್ದು, 2022ರ ಕಾನ್ ಚಿತ್ರೋತ್ಸವದ ಉದ್ಘಾಟನಾ ಚಿತ್ರವಾಗಿತ್ತು.

ಹಾಗಾಗಿ ನಮ್ಮ ಫಿಲ್ಮ್ ಸೊಸೈಟಿಗಳಿಗೂ ಚಿತ್ರೋತ್ಸವಗಳ ಆಯ್ಕೆ ಸಮಿತಿಗಳಿಗೂ ನನ್ನದೊಂದು ಬೇಡಿಕೆ. ಹಾರರ್ ಚಿತ್ರಗಳನ್ನು ನಡುರಾತ್ರಿಯ ಮೋಜಿನ ಪಟ್ಟಿಗೆ ತಳ್ಳಬೇಡಿ. ಒಂದು ಸಂಜೆ, ಮುಖ್ಯ ಸಭಾಂಗಣದಲ್ಲಿ, ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ತೋರಿಸಿ, ಹದಿನೈದು ನಿಮಿಷ ಬಿಡುವು ಕೊಟ್ಟು ‘ಯಂಗ್ ಫ್ರಾಂಕೆನ್‌ಸ್ಟೈನ್’ ತೋರಿಸಿ. ಇನ್ನೊಂದು ಸಂಜೆ ರೊಮೆರೊ, ನಂತರ ‘ಶಾನ್’. ಮೂಲವನ್ನು ಮೊದಲು, ಅಣಕವನ್ನು ಆಮೇಲೆ, ಎರಡನ್ನೂ ಒಂದೇ ಗೌರವದಿಂದ. ಮೂಗು ಮುರಿಯುವವರನ್ನು ತಪ್ಪದೆ ಕರೆಯಿರಿ. ಎರಡನ್ನೂ ಪೂರ್ತಿ ನೋಡಿದ ಮೇಲೆ ಅವರು ಹೇಳುವುದನ್ನು ಕೂತು ಕೇಳಲು ನಾವು ಸಿದ್ಧ.